ಹಳದಿ ದೀಪದ ಕೆಳಗಿನ ಮಲ್ಲಿಗೆ

ಸರ್ಜಾಪುರ ರಸ್ತೆಯ ನಮ್ಮ ಲೇಔಟಿಗೆ ಹಳೇ ಕಾಲದ ದೀಪದ ಕಂಬ ಹಾಕಿಸಿದ್ದು ನಾನೇ. ನಿವಾಸಿಗಳ ಸಂಘಕ್ಕೆ ಆಗ ನಾನು ಕಾರ್ಯದರ್ಶಿ. ಕ್ಯಾಟಲಾಗಿನಲ್ಲಿ ಕಪ್ಪು ಕಂಬ, ಅದರ ತುದಿಗೆ ಗಾಜಿನ ಲಾಟೀನು ನೋಡಿ ಮರುಳಾದೆ. ಹಳೇ ಬೆಂಗಳೂರನ್ನು ನಾನೇನೂ ಕಂಡವನಲ್ಲ; ಆದರೂ ಅದನ್ನು ವಾಪಸ್ ತಂದೇಬಿಡುವ ಹುಮ್ಮಸ್ಸು. ಬಂದದ್ದು ಕಬ್ಬಿಣದ ಬಣ್ಣ ಬಳಿದ ಫೈಬರ್ ಕಂಬ, ಒಳಗೆ ಅರಿಶಿನದಂಥ ಹಳದಿ ಬೆಳಕಿನ ಎಲ್‌ಇಡಿ. ಮೇಲೆ ಥಳುಕು, ಒಳಗೆ ಹುಳುಕು.

ಹಿಂದಿನ ಗೇಟಿನಲ್ಲಿ ಟ್ಯೂಬ್‌ಲೈಟಿನ ಸಿಮೆಂಟ್ ಕಂಬವೊಂದಿತ್ತು. ಅದರ ಕೆಳಗೆ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಸಂಜೆ ಮಲ್ಲಿಗೆ ಕಟ್ಟಿ ಮಾರುತ್ತಿದ್ದರು. ದೀಪ ಹೊತ್ತಿದೊಡನೆ ಮೊದಲು ಅದಕ್ಕೆ ಕೈಮುಗಿದು, ಆಮೇಲೆ ಹೂವಿನ ಮೊಳ ಹಾಕುವುದು ಅವರ ಪದ್ಧತಿ. ಆ ಕಂಬ ಕೀಳಿಸಿ ನನ್ನ ಕಂಬ ನಿಲ್ಲಿಸಿದ ಸಂಜೆಯೂ ಕೈಮುಗಿದರು. ನನಗೆ ಹೆಮ್ಮೆಯೋ ಹೆಮ್ಮೆ.

ತಿಂಗಳೊಳಗೆ ವಾಟ್ಸಾಪ್ ಗುಂಪಿನಲ್ಲಿ ದೂರು ಶುರುವಾಯಿತು, ಅಜ್ಜಿ ಬಾಡಿದ ಹೂವು ಸೇರಿಸಿ ಕಟ್ಟುತ್ತಾರೆಂದು. ಕಾರ್ಯದರ್ಶಿಯ ಗತ್ತಿನಲ್ಲಿ ಹೋಗಿ, "ಏನಜ್ಜಿ, ನೋಡಿ ಕಟ್ಟಬಾರದಾ?" ಎಂದು ಗದರಿದೆ.

ಅವರು ಮೊಗ್ಗುಗಳನ್ನು ಮುಖದ ಹತ್ತಿರ ಹಿಡಿದರು. "ಎಲ್ಲಾ ಒಂದೇ ತರ ಕಾಣ್ತವೆ ಸಾಮಿ. ಕಣ್ಣು ಓಯ್ತು ಅನ್ಸ್ತದೆ."

ಒಂದು ಮೊಳ ಕೊಂಡು ಮನೆಗೆ ಬಂದೆ. ದೇವರಮನೆಯ ಬಿಳಿ ಬೆಳಕಿನಲ್ಲಿ ನೋಡಿದರೆ ನಡುನಡುವೆ ಕಂದಿದ ಮೊಗ್ಗು. ಅದನ್ನೇ ಮತ್ತೆ ಕಂಬದ ಕೆಳಗೆ ಒಯ್ದೆ. ಅಜ್ಜಿ ಅಷ್ಟರಲ್ಲಿ ಎದ್ದು ಹೋಗಿದ್ದರು. ಕನ್ನಡಕ ಹಾಕಿದ ನನಗೂ ಅಲ್ಲಿ ಎಲ್ಲ ಮೊಗ್ಗೂ ಒಂದೇ ಬಣ್ಣ. ಅಜ್ಜಿಯ ಕಣ್ಣಿಗೇನೂ ಆಗಿರಲಿಲ್ಲ, ತಪ್ಪೆಲ್ಲ ನನ್ನ ಲಾಟೀನಿನದು.

ನಾಳೆ ಹೇಳಿದರಾಯಿತು ಅಂದುಕೊಂಡೆ. ಹೇಳಿದರೆ ಅಲ್ಲೊಂದು ಬಿಳಿ ದೀಪ ಹಾಕಿಸಬೇಕು, ಕಂಬಗಳ ಸಾಲಿನ ಅಂದ ಕೆಡುತ್ತದೆ, ನನ್ನ ಆಯ್ಕೆ ನೋಡಿ ಜನ ನಗುತ್ತಾರೆ. ಹೀಗೆ ನಾಳೆ ನಾಳೆ ಅನ್ನುತ್ತಿರುವಾಗಲೇ ಅಜ್ಜಿ ಬರುವುದನ್ನು ನಿಲ್ಲಿಸಿದರು. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೊನ್ನೆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ನಾನು ಕೇಳುವ ಮೊದಲೇ ಹೇಳಿದರು: "ಊವು ಕಟ್ಟೋದು ಬಿಟ್ಬುಟ್ಟೆ ಸಾಮಿ. ಕಾಣ್ದೆ ಕಟ್ಟಿ, ದೇವ್ರಿಗೆ ಬಾಡಿದ್ದು ಏರ್ಸಿದ್ರೆ ಆ ಪಾಪ ನಂಗೆ ತಾನೆ?"

ಆಗಲಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಬಸ್ಸು ಬಂತು. ಅಜ್ಜಿ ಕೈಚಾಚಿ, ನನ್ನ ಬಿಳಿ ಅಂಗಿಯ ತೋಳಿಗೆ ಅಂಟಿದ್ದ ಬಿಳಿ ನೂಲಿನ ಎಳೆಯೊಂದನ್ನು ಹೆಕ್ಕಿ ತೆಗೆದು, ಬಸ್ಸು ಹತ್ತಿದರು.