ಮೂರನೆಯ ಬಸ್ಸಿಗೆ ಕಾದವರು

ನನ್ನ ಹೊಟ್ಟೆಕಿಚ್ಚು ಸರ್ಕಾರದ ಮೇಲೆ ಅಂತಲೇ ನಾನು ಬಹಳ ದಿನ ನಂಬಿಕೊಂಡಿದ್ದೆ. ಸರ್ಕಾರದ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಮರ್ಯಾದೆಗೇನೂ ಕಡಿಮೆಯಾಗುವುದಿಲ್ಲ. ಅದಕ್ಕೆ ಅಭಿಪ್ರಾಯ ಅನ್ನುತ್ತಾರೆ, ಪೇಪರಿನವರು ವಾಚಕರ ಪತ್ರ ಅಂತ ಹಾಕುತ್ತಾರೆ. ನಮ್ಮದೇ ಬಸ್ಸಿನಲ್ಲಿ ಹದಿನೆಂಟು ವರ್ಷ ಟಿಕೆಟ್ ಹರಿದ ಕಂಡಕ್ಟರನ ಮೇಲೆ ಪಟ್ಟರೆ ಅದಕ್ಕೆ ಬೇರೆ ಹೆಸರಿಲ್ಲ, ಹೊಟ್ಟೆಕಿಚ್ಚೇ.

ನನ್ನದು ಒಂದೇ ಬಸ್ಸು, ಅಪ್ಪ ಬಿಟ್ಟು ಹೋದದ್ದು. ಶಿರೂರಿನಲ್ಲಿ ಹೊರಟು ಬೈಂದೂರು, ಕುಂದಾಪುರ, ಕೋಟ ದಾಟಿ ಬ್ರಹ್ಮಾವರ ಮುಟ್ಟುವ ಸರ್ವಿಸ್ ಬಸ್ಸು. ಕೈ ತೋರಿಸಿದಲ್ಲೆಲ್ಲ ನಿಲ್ಲುವಂಥದ್ದು. ಅಪ್ಪ ತೀರಿಕೊಂಡಾಗ ಮುಂಬೈಯಲ್ಲಿ ಹೋಟೆಲು ನಡೆಸುವ ಅಣ್ಣಂದಿರಿಬ್ಬರೂ ಮಾರಿಬಿಡು ಅಂದರು. ಹೆಂಗಸಿಗೆ ಯಾಕೆ ಈ ಉಸಾಬರಿ ಅಂತ ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿ ಬರೆದಿತ್ತು. ನಾನು ಮಾರಲಿಲ್ಲ. ಬೆಳಗಿನ ಮೊದಲ ಟ್ರಿಪ್ಪು ತುಂಬಿ ಬರುವಷ್ಟು ದಿನ ಈ ಬಸ್ಸು ನನ್ನದು, ಅದು ಖಾಲಿ ಬರತೊಡಗಿದರೆ ಅಣ್ಣಂದಿರ ಮಾತೇ ಗೆದ್ದಂತೆ. ಅವರು ಈಗಲೂ ಫೋನು ಮಾಡಿದಾಗಲೆಲ್ಲ ಮೊದಲು ಬಸ್ಸಿನ ಆರೋಗ್ಯ ವಿಚಾರಿಸಿ ಆಮೇಲೆ ನನ್ನದು ವಿಚಾರಿಸುತ್ತಾರೆ.

ಕುಂದಾಪುರದ ಕಾಲೇಜಿನಲ್ಲಿ ಬಿ.ಕಾಂ. ಓದಿದವಳು ನಾನು. ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದರೂ ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಜನರಿಗೆ ಏನು ಬೇಕು ಅನ್ನುವುದು ಜನರಿಗೇ ಗೊತ್ತು, ಅವರು ಕೊಡುವ ದುಡ್ಡೇ ಅದನ್ನು ಹೇಳುತ್ತದೆ, ನಡುವೆ ಸರ್ಕಾರ ಕೈ ಹಾಕಬಾರದು. ನಮ್ಮ ಕರಾವಳಿಯಷ್ಟು ಒಳ್ಳೆಯ ಉದಾಹರಣೆ ಇದಕ್ಕೆ ಎಲ್ಲಿದೆ? ಇಲ್ಲಿ ರಸ್ತೆ ಸರಿ ಇಲ್ಲದ ಕಾಲದಿಂದಲೂ ಬಸ್ಸು ಓಡಿಸಿದವರು ಖಾಸಗಿಯವರು. ಒಬ್ಬರ ಹಿಂದೆ ಒಬ್ಬರು ಬಿದ್ದು ಓಡಿಸಿದ್ದಕ್ಕೇ ಮೂಲೆ ಮೂಲೆಗೂ ಬಸ್ಸು ಬಂತು. ಪರ್ಮಿಟ್ಟು ಅನ್ನುವ ವ್ಯವಸ್ಥೆಯೇ ಹೋಗಬೇಕು, ಬಸ್ಸು ಕೊಂಡವನು ಬೇಕಾದಲ್ಲಿ ಓಡಿಸಲಿ, ಗೆದ್ದವನು ಗೆಲ್ಲಲಿ, ಸೋತವನು ಮನೆಗೆ ಹೋಗಲಿ ಎಂದು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಭಾಷಣ ಮಾಡಿದವಳು ನಾನು. ಎಡಬಲದಲ್ಲಿ ಕೂತವರು ಪಾಯಸ ಬರುವುದನ್ನೇ ಕಾಯುತ್ತಿದ್ದರು.

ಆಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂದಾಯಿತು. ಆಧಾರ್ ಕಾರ್ಡ್ ತೋರಿಸಿದರೆ ಮುಗಿಯಿತು. ಸ್ವಲ್ಪ ದಿನದಲ್ಲಿ ನಮ್ಮ ದಾರಿಗೂ ಒಂದು ಸರ್ಕಾರಿ ಬಸ್ಸು ಬಂತು, ಬೆಳಗ್ಗೆ ನನ್ನ ಬಸ್ಸಿಗಿಂತ ಏಳು ನಿಮಿಷ ಮುಂಚೆ. ನನ್ನ ಬಸ್ಸಿನ ಹೆಂಗಸರ ಸೀಟುಗಳು ಬೋಳಾದವು. ದಿನಸಿ ಅಂಗಡಿಯ ಪಕ್ಕದಲ್ಲೇ ಇನ್ನೊಬ್ಬ ಕೂತು ಅದೇ ಅಕ್ಕಿ ಬೇಳೆಯನ್ನು ಪುಕ್ಕಟೆ ಹಂಚಿದರೆ ಅದು ಪೈಪೋಟಿಯಾ ಎಂದು ನಾನು ಕೇಳುತ್ತಿದ್ದೆ. ಸೀಟಿನ ಲೆಕ್ಕದಲ್ಲಿ ತೆರಿಗೆ ಕಟ್ಟುವವಳು ನಾನು, ಆ ತೆರಿಗೆಯಲ್ಲೇ ನನ್ನ ಗಿರಾಕಿಯನ್ನು ಕರೆದೊಯ್ಯುವವರು ಅವರು. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯೂ ಇರುವುದಿಲ್ಲ, ಅದು ಕೆಟ್ಟರೆ ಕೇಳುವ ಹಕ್ಕೂ ಇರುವುದಿಲ್ಲ ಎಂದು ಪೇಪರಿಗೆ ಪತ್ರ ಬರೆದೆ, ಹಾಕಿದರು. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಅದನ್ನು ಯಾರಿಂದಲೋ ಓದಿಸಿಕೊಂಡು ಬಂದು, ಉಳಿದ ಬಸ್ ಚಾರ್ಜಿನಲ್ಲಿ ಮಗಳಿಗೆ ಟ್ಯೂಷನ್ ಹಾಕಿದ್ದೇನೆ ಅಂತಷ್ಟೇ ಹೇಳಿ ಪಾತ್ರೆ ತೊಳೆಯಲು ಕೂತಳು.

ಇದೇ ಹೊತ್ತಿಗೆ ನಮ್ಮ ಕಂಡಕ್ಟರ್ ಕೆಲಸ ಬಿಟ್ಟ. ಬ್ರಹ್ಮಾವರದ ಕಡೆಯವರೊಬ್ಬರ ಹಳೆಯ ಬಸ್ಸು ಕೊಂಡಿದ್ದೇನೆ, ತಾತ್ಕಾಲಿಕ ಪರ್ಮಿಟ್ಟು ಸಿಕ್ಕಿದೆ ಅಂದ. ಅವನಿಗೆ ಸಿಕ್ಕ ಟೈಮು ಕೇಳಿ ನನಗೆ ನಗು ಬಂತು. ಸರ್ಕಾರಿ ಬಸ್ಸಿನ ಎರಡೇ ನಿಮಿಷ ಹಿಂದೆ, ನನಗಿಂತ ಐದು ನಿಮಿಷ ಮುಂದೆ. ಪುಕ್ಕಟೆ ಬಸ್ಸಿನ ಬಾಲ ಹಿಡಿದು ಓಡುವವನು ಎಷ್ಟು ದಿನ ಓಡಿಯಾನು? ಹಾರೈಸಿ ಕಳಿಸಿದೆ. ಮೂರು ತಿಂಗಳಲ್ಲಿ ವಾಪಸು ಬರುತ್ತಾನೆ, ಬಂದರೆ ಹಳೇ ಸಂಬಳಕ್ಕೇ ಇಟ್ಟುಕೊಳ್ಳಬೇಕು ಅಂತ ಮನಸ್ಸಿನಲ್ಲೇ ದೊಡ್ಡತನ ಮಾಡಿಯೂ ಆಗಿತ್ತು.

ಅವನು ಬರಲಿಲ್ಲ. ಬಂದದ್ದು ಅವನ ಸುದ್ದಿ. ಅವನ ಬಸ್ಸಿನಲ್ಲಿ ಬೆಳಗ್ಗೆ ನಿಲ್ಲಲಿಕ್ಕೂ ಜಾಗವಿಲ್ಲವಂತೆ, ಅದೂ ಹೆಂಗಸರಂತೆ, ಅದೂ ದುಡ್ಡು ಕೊಟ್ಟೇ ಹತ್ತುತ್ತಾರಂತೆ. ಸಾಲಿಗ್ರಾಮದ ನೆಂಟರ ಮನೆಯ ಪೂಜೆಯಲ್ಲಿ ಒಬ್ಬರು ಅವನ ಗುಣಗಾನ ಶುರು ಮಾಡಿದರು. ಮುದುಕಿಯರನ್ನು ಕೈ ಹಿಡಿದು ಇಳಿಸುತ್ತಾನಂತೆ, ಯಾರ ಮಗ ಯಾವ ಪರೀಕ್ಷೆ ಬರೆದಿದ್ದಾನೆ ಎಂದು ನೆನಪಿಟ್ಟು ಕೇಳುತ್ತಾನಂತೆ. ನನ್ನ ಡ್ರೈವರನೇ ಒಂದು ದಿನ, ಅವನ ಬಸ್ಸು ತೊಳೆದದ್ದು ನೋಡಬೇಕು, ಕನ್ನಡಿ, ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷ ನನ್ನ ಬಸ್ಸಿನಲ್ಲಿದ್ದಾಗ ಈ ಗುಣವೆಲ್ಲ ಎಲ್ಲಿತ್ತು? ಇದ್ದಿರಬೇಕು. ಆಗ ಅದನ್ನು ನನ್ನ ಬಸ್ಸಿನ ಗುಣ ಅಂದುಕೊಂಡಿದ್ದೆ.

ಕಣ್ಣಾರೆ ನೋಡಿಯೇ ಬಿಡೋಣವೆಂದು ಒಂದು ಬೆಳಗ್ಗೆ ಮರವಂತೆಗೆ ಹೋಗಿ ಬಸ್ ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಕೂತೆ. ಸ್ಟಾಪಿನಲ್ಲಿ ಮೀನು ಮಾರುವ ಹೆಂಗಸರು ಏಳೆಂಟು ಮಂದಿ, ಪಕ್ಕದಲ್ಲಿ ಮೀನಿನ ಹೆಡಿಗೆಗಳು, ಪ್ಲಾಸ್ಟಿಕ್ ಟಬ್ಬುಗಳು. ಸರ್ಕಾರಿ ಬಸ್ಸು ಬಂತು, ನಿಂತಿತು, ಹೆಂಗಸರು ಹತ್ತಲಿಲ್ಲ. ಎರಡು ನಿಮಿಷಕ್ಕೆ ಅವನ ಬಸ್ಸು. ಅವನೇ ಜಿಗಿದು ಇಳಿದು ಹೆಡಿಗೆಗಳನ್ನು ಒಂದೊಂದಾಗಿ ಹಿಂದಿನ ಬಾಗಿಲಿನಿಂದ ಒಳಗಿಟ್ಟ. ಅಲ್ಲಿ ನೆಲಕ್ಕೆ ತಗಡು ಹಾಸಿ, ನೀರು ಹರಿದು ಹೋಗಲು ಒಂದು ಪೈಪು ಕೂಡ ಇಟ್ಟಿದ್ದ. ಅಪ್ಪನ ಕಾಲದಲ್ಲಿ ಹೆಡಿಗೆಗಳು ಬಸ್ಸಿನ ಟಾಪಿನ ಮೇಲೆ ಹೋಗುತ್ತಿದ್ದವು. ಈಗಿನ ಬಸ್ಸುಗಳಿಗೆ ಮೇಲೆ ಕ್ಯಾರಿಯರ್ ಇಲ್ಲ, ಹೆಂಗಸರು ರಿಕ್ಷಾ ಹಿಡಿದು ದಂಡ ತೆರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಇವನೇ ನನ್ನ ಹತ್ತಿರ ಬಂದು, ಹಿಂಬದಿಯಲ್ಲಿ ತಗಡು ಹಾಸಿ ಹೆಡಿಗೆಗೆ ಜಾಗ ಮಾಡೋಣ ಅಂದಿದ್ದ. ವಾಸನೆಗೆ ಕಾಲೇಜಿನವರು, ಆಫೀಸಿನವರು ಹತ್ತುವುದಿಲ್ಲ, ಒಳ್ಳೆಯ ಗಿರಾಕಿ ಯಾರು ಅಂತ ನೋಡಿ ವ್ಯಾಪಾರ ಮಾಡಬೇಕು ಎಂದು ನಾನು ಅವನಿಗೆ ಅರ್ಥಶಾಸ್ತ್ರ ಹೇಳಿಕೊಟ್ಟಿದ್ದೆ. ತಲೆ ತಗ್ಗಿಸಿ ಕೇಳಿಕೊಂಡಿದ್ದ.

ಮಾರನೆಯ ದಿನವೂ ಹೋದೆ. ಆ ಹೆಂಗಸರಲ್ಲಿ ಒಬ್ಬಳು ನಾನು ಲಂಗ ಹಾಕುತ್ತಿದ್ದ ದಿನಗಳಿಂದ ನಮ್ಮ ಬಸ್ಸಿನಲ್ಲಿ ಕೋಟಕ್ಕೆ ಮೀನು ತರುತ್ತಿದ್ದವಳು, ಈಗ ಅಜ್ಜಿಯಾಗಿದ್ದಾಳೆ. ಅವಳ ಹತ್ತಿರ ಹೋಗಿ, ಎದುರಿಗೇ ಪುಕ್ಕಟೆ ಬಸ್ಸು ನಿಂತರೂ ಬಿಟ್ಟು ಇವನಿಗೆ ಯಾಕೆ ದುಡ್ಡು ಕೊಡುತ್ತೀಯಾ ಎಂದು ಕೇಳಿದೆ.

“ಹೆಡ್ಗಿಗೆ ಆಧಾರ್ ಕಾರ್ಡ್ ಇತ್ತಾ ಮಗಾ?” ಅಂದಳು. “ನಾನೊಬ್ಳ್ ಬಿಟ್ಟಿ ಹೋರೆ ಎಂತ ಆಯ್ತ್, ಮೀನ್ ಬಪ್ದ್ ಬ್ಯಾಡ್ದಾ?”

ಕುಣಿದಾಡಬೇಕಿತ್ತು ನಾನು. ಇಷ್ಟು ವರ್ಷ ಊಟದ ಪಂಕ್ತಿಯಲ್ಲಿ ಹೇಳಿದ್ದೆಲ್ಲ ನನ್ನ ಕಣ್ಣೆದುರು ನಿಜವಾಗಿತ್ತು. ಪುಕ್ಕಟೆ ಕೊಟ್ಟರೂ ಜನ ತಮಗೆ ಬೇಕಾದ್ದಕ್ಕೆ ದುಡ್ಡು ಕೊಡುತ್ತಾರೆ, ಯಾರಿಗೆ ಏನು ಬೇಕೆಂದು ಮೊದಲು ಕಂಡವನು ಗೆಲ್ಲುತ್ತಾನೆ. ಪೇಪರಿಗೆ ಬರೆಯಲು ಇದಕ್ಕಿಂತ ಒಳ್ಳೆಯ ಪತ್ರ ಸಿಗುತ್ತಿರಲಿಲ್ಲ. ಆದರೆ ಗೆದ್ದವನು ಅವನಾಗಿದ್ದ. ಮನೆಗೆ ಬಂದವಳೇ ಪತ್ರವನ್ನೇನೋ ಬರೆದೆ, ಪೇಪರಿಗಲ್ಲ, ಸಾರಿಗೆ ಕಚೇರಿಗೆ.

ಅದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಬಸ್ಸಿನವರ ನಿಜವಾದ ಆಸ್ತಿ ಬಸ್ಸಲ್ಲ, ಟೈಮು. ಒಂದು ಸ್ಟಾಪಿನಿಂದ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಡಬೇಕು ಎಂದು ಪರ್ಮಿಟ್ಟಿನಲ್ಲಿ ಬರೆದಿರುತ್ತದೆ, ಅದಕ್ಕಾಗಿ ಅಣ್ಣ ತಮ್ಮಂದಿರು ಕೂಡ ಜಗಳ ಆಡುತ್ತಾರೆ. ಹೊಸಬನಿಗೆ ಕಾಯಂ ಪರ್ಮಿಟ್ಟು ಕೊಡುವ ಮುಂಚೆ ಹಳಬರನ್ನು ಕರೆದು ಸಭೆ ಮಾಡುತ್ತಾರೆ, ತಕರಾರಿದ್ದವರು ಬರೆದು ಕೊಡಬಹುದು. ‘ಈ ಮಾರ್ಗದಲ್ಲಿ ಈಗಿರುವ ಬಸ್ಸುಗಳೇ ಸಾಕಷ್ಟಿದ್ದು, ಸಾರ್ವಜನಿಕರಿಗೆ ಇನ್ನೊಂದು ಬಸ್ಸಿನ ಅಗತ್ಯ ಇರುವುದಿಲ್ಲ’ ಎಂದು ನಾನು ಬರೆದೆ. ಸಾರ್ವಜನಿಕರಿಗೆ ಏನು ಅಗತ್ಯ ಎಂದು ಹೇಳಲು ಸರ್ಕಾರ ಯಾರು ಎಂದು ಕೇಳಿದ ಅದೇ ಕೈ ಅದು. ಅಕ್ಷರ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಸಭೆಯಲ್ಲಿ ಅವನು ನನ್ನನ್ನು ನೋಡಿ ಎದ್ದು ನಿಂತ, ಎಂದಿನ ಹಾಗೆ. ಅಧಿಕಾರಿಗಳು ನನ್ನ ತಕರಾರನ್ನು ಓದಿದರು. ನಿನ್ನದೇನು ಎಂದು ಅವನನ್ನು ಕೇಳಿದರು. ಅವನು ಜಗಳಕ್ಕೆ ಬರುತ್ತಾನೆ, ನಾನೂ ನಾಲ್ಕು ಮಾತು ಆಡಬಹುದು ಎಂದು ತಯಾರಾಗಿ ಹೋಗಿದ್ದೆ.

“ಅಕ್ಕನ ಬಸ್ಸಿನ ಹಿಂದೆ ಕೊಟ್ರೂ ಅಡ್ಡಿಲ್ಲೆ,” ಅಂದ. “ಓಡ್ಸುಕೆ ನಂಗೊಂದ್ ಟೈಮ್ ಬೇಕ್, ಅಷ್ಟೇ.”

ಅವನನ್ನು ನನ್ನ ಬಸ್ಸಿನ ಐದು ನಿಮಿಷ ಹಿಂದಕ್ಕೆ ಹಾಕಿದರು. ನಾನು ಗೆದ್ದೆ. ಹೊರಗೆ ಬಂದಾಗ ಉಳಿದ ಮಾಲೀಕರು ಶಭಾಷ್ ಅಂದರು. ಅವನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನನ್ನ ಮುಂದೆ ಹೋದರೂ ಹಿಂದೆ ಹೋದರೂ ತನಗೆ ಒಂದೇ ಅನ್ನುವಷ್ಟು ಧೈರ್ಯ ಅವನಿಗೆ ಎಲ್ಲಿಂದ ಬಂತು? ಆ ಧೈರ್ಯದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಹೊಸ ಟೈಮು ಶುರುವಾದ ದಿನ ನನ್ನ ಬಸ್ಸಿನಲ್ಲಿ ನಾನೇ ಹೊರಟೆ. ಹಿಂದಿನ ದಿನವೇ ಬೈಂದೂರಿನ ಅತ್ತೆಯ ಮನೆಗೆ ಹೋಗಿದ್ದು, ಬೆಳಗ್ಗೆ ಅಲ್ಲೇ ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಮರವಂತೆಯಲ್ಲಿ ಹೆಂಗಸರು ಹೆಡಿಗೆ ಇಟ್ಟುಕೊಂಡು ನಿಂತಿದ್ದರು. ಸರ್ಕಾರಿ ಬಸ್ಸು ಆಗಲೇ ಹೋಗಿತ್ತು. ನನ್ನ ಬಸ್ಸು ನಿಂತಿತು. ಯಾರೂ ಮುಂದೆ ಬರಲಿಲ್ಲ. ಹೆಡಿಗೆ ಹತ್ತಿಸು ಎಂದು ನನ್ನ ಹೊಸ ಕಂಡಕ್ಟರನಿಗೆ ಹೇಳಿದೆ. ಅವನು ಮುಖ ಕಿವುಚಿಕೊಂಡು ಇಳಿದು ಒಂದು ಹೆಡಿಗೆಗೆ ಕೈ ಹಾಕಿದ. ಆ ಅಜ್ಜಿ ಹೆಡಿಗೆಯ ಮೇಲೆ ಕೈ ಇಟ್ಟಳು.

“ನೀವ್ ಹೋಯ್ನಿ,” ಎಂದು ಬಸ್ಸಿಗೆ ಮುಂದೆ ಕೈ ತೋರಿಸಿದಳು. “ಅವ ಈಗ ಬತ್ತ.”

ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಕಾಯುವವರನ್ನು ಕಿಟಕಿಯಿಂದ ನೋಡುತ್ತಾ ಕೂರಲು ನನ್ನಿಂದ ಆಗಲಿಲ್ಲ. ಇಳಿದುಬಿಟ್ಟೆ. ರೈಟ್ ಹೇಳಿಸಿ ನನ್ನ ಬಸ್ಸನ್ನು ಕಳಿಸಿದೆ. ಅರ್ಧಕ್ಕರ್ಧ ಖಾಲಿ ಸೀಟು ಹೊತ್ತು ಅದು ತ್ರಾಸಿಯ ಕಡೆಗೆ ಹೋಯಿತು. ಹೆಂಗಸರು ಸ್ವಲ್ಪ ಸರಿದು ನಿಲ್ಲಲು ಜಾಗ ಕೊಟ್ಟರು.

ಐದು ನಿಮಿಷಕ್ಕೆ ಅವನ ಬಸ್ಸು ಬಂತು. ಹೆಡಿಗೆಗಳೆಲ್ಲ ಹತ್ತಿದ ಮೇಲೆ ನಾನೂ ಹತ್ತಿದೆ. ಅಜ್ಜಿ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಳು. ವಾಸನೆ ಇತ್ತು, ಸುಳ್ಳು ಯಾಕೆ ಹೇಳಲಿ. ಹಿಂದಿನ ಸೀಟಿನಲ್ಲಿ ಕಾಲೇಜಿನ ಹುಡುಗಿಯರು ಮೊಬೈಲು ನೋಡುತ್ತಾ ಆರಾಮಾಗಿ ಕೂತಿದ್ದರು. ಅವನು ಟಿಕೆಟ್ ಹರಿಯುತ್ತಾ ಬಂದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ತನಗೂ ಹೆಡಿಗೆಗೂ ದುಡ್ಡು ಕೊಟ್ಟಳು. ನಾನು ನೋಟು ಮುಂದೆ ಹಿಡಿದೆ. ಅವನ ಬಸ್ಸಿನಲ್ಲಿ ದುಡ್ಡು ಕೊಟ್ಟು ಕೂರುತ್ತೇನೆ, ಅಷ್ಟಾದರೂ ಗತ್ತು ಇರಲಿ ಅಂದುಕೊಂಡಿದ್ದೆ. ಅವನು ನೋಟು ಮುಟ್ಟಲಿಲ್ಲ.

“ಎಂತ ಅಕ್ಕಾ, ಓನರ್ ಮನಿಯವ್ರಿಗೆ ಯಾರಾರೂ ಟಿಕೆಟ್ ಹರಿತ್ರಾ?” ಅಂದು ಮುಂದಿನ ಸೀಟಿಗೆ ಹೋದ.

ಹೌದು, ಹರಿಯುವುದಿಲ್ಲ. ಶಿರೂರಿನಿಂದ ಬ್ರಹ್ಮಾವರದವರೆಗೆ ಯಾರ ಬಸ್ಸಾದರೂ ಇನ್ನೊಬ್ಬ ಮಾಲೀಕರ ಮನೆಯವರಿಗೆ ಟಿಕೆಟ್ ಇಲ್ಲ, ಅದು ನಮ್ಮ ಲೈನಿನ ಪದ್ಧತಿ. ಶಾಲೆಗೆ, ಕಾಲೇಜಿಗೆ, ನೆಂಟರ ಮನೆಗೆ, ಆ ತಕರಾರು ಪತ್ರ ಕೊಡಲಿಕ್ಕೆ ಕೂಡ ನಾನು ಹಾಗೆಯೇ ಹೋಗಿ ಬಂದವಳು. ಅದು ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ಅಜ್ಜಿ ನನ್ನ ಕೈಯಲ್ಲಿ ಉಳಿದ ನೋಟನ್ನೂ ನನ್ನ ಮುಖವನ್ನೂ ನೋಡಿದಳು. ಅವಳ ದನಿಯಲ್ಲಿ ಕುಹಕ ಇರಲಿಲ್ಲ, ಬರೀ ಆಶ್ಚರ್ಯ ಇತ್ತು.

“ಓ, ನಿಂಗೂ ಬಿಟ್ಟಿಯಾ ಮಗಾ?”