ಅಕ್ಕ ಎತ್ತಿಕೊಂಡ ಸಾಲು

ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದೇಕೆ. ನಾನು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತವಳು. ಸೊಪ್ರಾನೊ, ಅಂದರೆ ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಅಕ್ಕ ನಮ್ಮೂರು ರಾಯಲ್ಪಾಡಿನಲ್ಲಿ ಟೊಮೆಟೊ ಬಿಡಿಸುತ್ತಾ ಹಾಡಿಕೊಂಡವಳು. ಯಾವ ಗುರುವಿನ ಮುಂದೆಯೂ ಕೂತವಳಲ್ಲ. ಆದರೂ ಶ್ರೀನಿವಾಸಪುರದಿಂದ ಮಾಲೂರಿನವರೆಗೆ ಯಾವ ನೆಂಟರ ಮನೆಯಲ್ಲಿ ಆರತಿ ತಟ್ಟೆ ಎತ್ತಿದರೂ 'ದೊಡ್ಡೋಳನ್ನ ಕರೀರಿ' ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮ್ಮ ಮನೆಯಲ್ಲಿ ಉಲ್ಟಾ. ಅವಳು ಹಾಡುವಾಗ ಅಮ್ಮನ ತುಟಿ ತಾನಾಗಿ ಅಲ್ಲಾಡುತ್ತದೆ. ನನಗೆ ಬೇಕಿದ್ದದ್ದು ಅದೊಂದೇ. ನನ್ನ ಹಾಡಿಗೆ ಅಮ್ಮ ಒಮ್ಮೆಯೂ ತುಟಿ ಅಲ್ಲಾಡಿಸಿದವಳಲ್ಲ.

ಆಗಿನ್ನೂ ನನ್ನ ವೃತ್ತಿ ಅಂದರೆ ಒಂದು ಗಾಯನವೃಂದದ ಎರಡನೇ ಸಾಲಿನಲ್ಲಿ ನಿಲ್ಲುವುದು, ಹೋಟೆಲುಗಳಲ್ಲಿ ಊಟ ಮಾಡುವವರ ಬೆನ್ನು ನೋಡುತ್ತಾ ಹಾಡುವುದು. ಒಬ್ಬಳೇ ನಿಂತು ಹಾಡಲು ಮೊದಲ ಕರೆ ಬಂದದ್ದು ಮುಳಬಾಗಿಲಿನ ಛತ್ರಕ್ಕೆ, ಚಿಕ್ಕಪ್ಪನ ಮಗಳ ಆರತಕ್ಷತೆಗೆ.

ಇಟಾಲಿಯನ್ ಭಾಷೆಯ ನಿಧಾನದ ಹಾಡೊಂದನ್ನು ಆರಿಸಿದ್ದೆ. ಕಲಿತ ಹಾಗೆ ಮೈಕಿನಿಂದ ದೂರ ನಿಂತೆ. ಮೊದಲ ಸಾಲು ಕೊನೆಯ ಕುರ್ಚಿಯವರೆಗೂ ಹೋಯಿತು. ಊಟದ ಹಾಲಿನಿಂದ ಜನ ಇಣುಕಿದರು. ನಾನು ಅಮ್ಮನನ್ನೇ ನೋಡುತ್ತಿದ್ದೆ. ಸಾಲು ಮುಗಿಸಿ, ಹಾಡಿನಲ್ಲಿ ಇರುವಂತೆಯೇ ಸ್ವಲ್ಪ ಹೊತ್ತು ನಿಂತೆ.

ನಿಲ್ಲಬಾರದಿತ್ತು. ನಮ್ಮ ಕಡೆ ಆರತಿ ಹಾಡಿನಲ್ಲಿ ಒಬ್ಬಳು ಸಾಲು ಹೇಳಿ ನಿಂತರೆ ಮಿಕ್ಕ ಹೆಂಗಸರು ಅದನ್ನು ತಿರುಗಿ ಹೇಳಬೇಕು. ಹೇಳದಿದ್ದರೆ ಹಾಡಿದವಳಿಗೆ ಅವಮಾನ. ಮುಂದೆಯೇ ಕೂತಿದ್ದ ಅಕ್ಕ ನನ್ನ ಮರ್ಯಾದೆ ಉಳಿಸಲು ಸಾಲನ್ನು ಎತ್ತಿಕೊಂಡಳು. ತನ್ನ ತಗ್ಗು ದನಿಯಲ್ಲಿ, ಅದೇ ರಾಗ, ಅದೇ ಮಾತು. ಅವಳ ಹಿಂದೆ ಗೌನಿಪಲ್ಲಿಯ ಅತ್ತೆಯರು, ಮದುವೆ ಹೆಣ್ಣಿನ ಗೆಳತಿಯರು, ಆಮೇಲೆ ಇಡೀ ಛತ್ರ. ಅಮ್ಮನ ತುಟಿಯೂ ಅಲ್ಲಾಡಿತು. ನನ್ನ ಹಾಡಿಗೇ, ಆದರೆ ಅಕ್ಕ ಹಾಡಿದಾಗ.

ಕೊನೆಯವರೆಗೂ ಹೀಗೇ ನಡೆಯಿತು. ನಾನು ಹೇಳುವುದು, ಅಕ್ಕನ ಹಿಂದೆ ಅವರೆಲ್ಲ ತಿರುಗಿ ಹೇಳುವುದು. ಕೆಳಗಿಳಿದಾಗ ಅತ್ತೆಯೊಬ್ಬರು ನನ್ನ ಕೆನ್ನೆ ಹಿಂಡಿ, 'ಅಕ್ಕ ಉಂಡಬಟ್ಟಿ ಸರಿಪೋಯಿಂದಿ, ಅವಳಿದ್ದಿದ್ಕೆ ಸರಿಹೋಯ್ತು. ಇಲ್ದಿದ್ರೆ ಏನ್ ಗತಿ ಆಗ್ತಿತ್ತೇ ನಿಂಗೆ' ಎಂದರು. ಮೈಯೆಲ್ಲ ಉರಿಯಿತು. ನಕ್ಕೆ.

ಊರಿಗೆ ಹಿಂತಿರುಗುವಾಗ ಕಾರಿನಲ್ಲಿ ಅಮ್ಮ, 'ಆ ಹಾಡು ಇನ್ನೊಂದ್ಸಲ ಹೇಳೇ' ಎಂದಳು. ನಾನು ಗಂಟಲು ಸರಿಮಾಡಿಕೊಂಡೆ.

'ನೀನಲ್ಲ ಕಣೇ, ಅಕ್ಕ ಹೇಳ್ಲಿ. ನೀನು ಹೇಳಿದ್ರೆ ಸುಮ್ನೆ ಕೇಳ್ಕೊಂಡಿರ್ಬೇಕು ಅಷ್ಟೆ. ಅವಳು ಹೇಳಿದ್ರೆ ನಂಗೂ ಬರುತ್ತೆ.'

ಅಕ್ಕ ಹಾಡಿದಳು, ಅಮ್ಮ ಹಿಂದೆ ಹಿಂದೆ ಹೇಳಿದಳು. ಎಲ್ಲಾದರೂ ತಪ್ಪಲಿ ಎಂದು ನಾನು ಕಿವಿಗೊಟ್ಟು ಕೂತಿದ್ದೆ. ಅಕ್ಕನಿಗೆ ಒಂದು ಸ್ವರವೂ ತಪ್ಪಲಿಲ್ಲ.