ಕಂಪನಿಯ ಹೊಸ್ತಿಲಲ್ಲಿ ಕೂತ ಮಾಮಾ

ನನ್ನ ಸೋದರಮಾವನ ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಉಳಿದರ್ಧ ಕಬ್ಬಿನ ಟ್ರೇಲರಿನ ಕೊಂಡಿಗೆ ಸಿಕ್ಕು ಹೋಗಿತ್ತು. ಉಗಾರದ ಕಡೆ ಕಬ್ಬು ಕಡಿಯುವ ಗ್ಯಾಂಗುಗಳಿಗೆ ಅವನು ಮುಕಾದಮ. ಮುಂಗಡ ಕೊಟ್ಟು ಆಳುಗಳನ್ನು ಕರೆತರುವುದು ಅವನ ಕೆಲಸ. ಮುಂಗಡ ಪಡೆದವರು ಬಾರದಿದ್ದರೆ ಅವರ ಊರಿಗೇ ಹೋಗಿ ಹೊಸ್ತಿಲ ಮುಂದೆ ಕೂಡುತ್ತಿದ್ದ. ಬೈಗುಳವಿಲ್ಲ, ಹೊಡೆತವಿಲ್ಲ. ಅನ್ನ ನೀರು ಮಾತ್ರ ಮುಟ್ಟುತ್ತಿರಲಿಲ್ಲ.

"ಬಾಗಲದಾಗ ಒಬ್ಬ ಉಪಾಸ ಕುಂತಾನಂದ್ರ ಒಳಗಿನವ್ರಿಗೆ ತುತ್ತು ಇಳಿಯಂಗಿಲ್ಲ" ಎನ್ನುತ್ತಿದ್ದ. ಪುಣ್ಯವಂತನೆಂದು ಹೇಳಲಾರೆ. ಬಡವರನ್ನು ಕಟ್ಟಿಹಾಕಿಯೇ ಉಂಡವನು.

ನಾನು ಪೈಲಟ್ ಆಗುತ್ತೇನೆಂದಾಗ ನಗದಿದ್ದವನು ಅವನೊಬ್ಬನೇ. ವಿಮಾನ ಕಂಪನಿ ತರಬೇತಿ ಕೊಟ್ಟು ಐದು ವರ್ಷದ ಬಾಂಡ್ ಬರೆಸಿಕೊಂಡಿತು. ನಡುವೆ ಬಿಟ್ಟರೆ ಇಡೀ ಖರ್ಚು ಕಟ್ಟಬೇಕು. ಮಾಮಾ ಶೇಡಬಾಳದ ಹೊಲ ಜಾಮೀನಿಟ್ಟ. "ನಾ ಮಂದಿ ಕಡೆ ಬರಸ್ಕೊತಿದ್ನಿ, ಈಗ ನನ್ನ ಕಡೆನ ಬರಸ್ಕೊಂಡ್ರು ನೋಡವಾ" ಎಂದ. ಎಲ್ಲರೂ ನಕ್ಕೆವು.

ತರಬೇತಿ ಮುಗಿದರೂ ನನ್ನನ್ನು ವಿಮಾನ ಹತ್ತಿಸಲಿಲ್ಲ. ವಿಮಾನಗಳು ಕಡಿಮೆ, ಕಾಯಿರಿ ಎಂದರು. ಕಾಯುವವರಿಗೆ ಸಂಬಳವಿಲ್ಲ, ಕಾದ ದಿನಗಳು ಬಾಂಡಿನ ಲೆಕ್ಕಕ್ಕೂ ಇಲ್ಲ. ಬಿಟ್ಟು ಬಂದರೆ ಹೊಲ ಹೋಗುತ್ತದೆ. ಒಂದು ದಿನ ಫೋನಿನಲ್ಲಿ ಮಾಮಾನ ಮುಂದೆ ಅತ್ತುಬಿಟ್ಟೆ.

ಅವನು ನನಗೆ ಹೇಳದೆ ರೈಲು ಹತ್ತಿ ಬಂದ. ಕಂಪನಿಯ ಗಾಜಿನ ಬಾಗಿಲ ಮುಂದೆ ಟವೆಲ್ ಹಾಸಿ ಕೂತ. ಕಾವಲಿನವನು ಅವನಿಂದ ನಂಬರ್ ಪಡೆದು ನನಗೆ ಫೋನ್ ಮಾಡಿದ. ನಾನು ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಅವನ ತುಟಿ ಒಡೆದಿತ್ತು.

"ಮಾಮಾ, ಏಳು."

"ಮಾಲಕ ಎಷ್ಟೊತ್ತಿಗೆ ಬರ್ತಾನ?"

"ಇಲ್ಲಿ ಮಾಲಕ ಅಂತ ಯಾರೂ ಇರಂಗಿಲ್ಲ. ಇದು ಬರೇ ಆಫೀಸು."

ಕಾಫಿ ಹಿಡಿದ ಹುಡುಗ ಹುಡುಗಿಯರು ಅವನನ್ನು ಬಳಸಿಕೊಂಡು ಒಳಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತು ಅವರನ್ನೇ ನೋಡಿದ.

"ಇವ್ರಿಗೆ ತುತ್ತು ಇಳಿತೈತಿ ಬಿಡು" ಎಂದು ನನ್ನ ಬಾಟಲಿಯ ನೀರು ಕುಡಿದ.

ಊರಿಗೆ ಹೋದವನು ಮುಕಾದಮಕಿ ಬಿಟ್ಟ. ಮರು ವರ್ಷ ನನಗೆ ಹಾರಾಟ ಸಿಕ್ಕಿತು, ಸಂಬಳ ಮೊದಲು ಹೇಳಿದ್ದರ ಅರ್ಧ. ಅದೇ ಸುಗ್ಗಿಯಲ್ಲಿ ಎದೆನೋವು ಬಂದು ಅವನು ತೀರಿಕೊಂಡ.

ಮಣ್ಣು ಮುಗಿದ ಮೇಲೆ ಮಾಮಿ ಕೇಳಿದ್ದು ಒಂದೇ: "ಹೊಲ ಉಳಿತೈತಿಲ್ಲವಾ?"

"ನಾ ಕೆಲಸ ಬಿಡಂಗಿಲ್ಲ, ಮಾಮಿ" ಎಂದೆ.

ಕಂಪನಿಯವರು ರಜೆ ಕೊಟ್ಟಿದ್ದರು, ಇಲ್ಲವೆನ್ನಲಾರೆ. ಅವನನ್ನು ಮಣ್ಣು ಮಾಡಲು ಹೋದ ಆ ದಿನಗಳನ್ನು ಬಾಂಡಿನ ಕೊನೆಗೆ ಸೇರಿಸಿದ್ದಾರೆ. ಅವನ್ನೂ ದುಡಿದು ತೀರಿಸಬೇಕು.